ಅಜ್ಜಿ ಕಾಲು ನೋಡಿ ಬಂದಳು

ಗೊಲ್ಲರಹಟ್ಟಿ, ಉಳ್ಳಾರ್ತಿ ಕಾವಲಿನ ಮಗ್ಗುಲು,
ಚಳ್ಳಕೆರೆ ತಾಲ್ಲೂಕು
೧೨-೧೨-೨೦೦೧, ಬುಧವಾರ

ಒಂದು ಮಂದೆ ಕುರಿ, ಎರಡು ನಾಯಿ ಮತ್ತು ಒಂದು ಮುಂಗೋಪದ ಕತ್ತೆಗೆ ಏಕಮಾತ್ರ ಒಡೆಯರಾದ ಅಪ್ಪನವರ ಸನ್ನಿಧಾನಕ್ಕೆ, ಮಗಳು ಪುಷ್ಪಲತಾ ನೆಲ ಮುಟ್ಟಿ ಮಾಡುವ ನಮಸ್ಕಾರಗಳು.

ಅಪ್ಪಾ, ನಿನ್ನ ಕೆಮ್ಮು ಹೇಗಿದೆ? ನೀನು ಮಂದೆ ಹೊಡೆದುಕೊಂಡು ಹೋಗಿರುವ ಸಿರುಗುಪ್ಪದ ಕಡೆ ಗದ್ದೆಬಯಲಲ್ಲಿ ಇಬ್ಬನಿ ಜಾಸ್ತಿಯಂತೆ. ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀನು ಟವೆಲ್ ಸುತ್ತಿಕೊಂಡು ಮಲಗುತ್ತೀಯ ಅಂತ ಅವ್ವನಿಗೆ ಖಾತ್ರಿಯಿದೆ. ಈ ಕಾಗದ ತರುವ ಕೆಂಚಣ್ಣಮಾವನ ಕೈಲಿ ಶುಂಠಿ-ಮೆಣಸಿನ ಪುಡಿ ಕಳಿಸಿದ್ದಾಳೆ. ದಯವಿಟ್ಟು ಕತ್ತೆಗೆ ತಿನ್ನಿಸಬೇಡ. ಇಲ್ಲಿ ಎಲ್ಲರೂ ಕ್ಷೇಮ. ಕಾಲೇಜಿನ ಪರೀಕ್ಷೆಯನ್ನು ನಾನು ಎಷ್ಟು ಚೆನ್ನಾಗಿ ಬರೆದಿದ್ದೇನೆಂದರೆ, ದೃಷ್ಟಿಯಾದೀತೆಂದು ಅಂಕ ತಿಳಿಸುತ್ತಿಲ್ಲ.

ಇನ್ನು ತಮ್ಮ ರಾಮಾಂಜನೇಯನ ಬಲಗೈ ವಿಚಾರ. ಶ್ರಾವಣದಲ್ಲಿ ಅವನು ಟಗರಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಾಗ, ಲಾರಿ ಹಾರನ್ನಿಗೆ ಬೆದರಿದ ಟಗರು ಅವನನ್ನು ಕಾವಲಿನ ಹುಲ್ಲುಬಯಲ ತುಂಬ ಎಳೆದಾಡಿದ ದಿನದಿಂದ, ಸದರಿ ಬಲಗೈ ಹೇಳದೆ ಕೇಳದೆ ರಜೆ ಹಾಕಿರುವುದು ತಮಗೆ ತಿಳಿದೇ ಇದೆ. ನೀನು ಹೊರಡುವಾಗ ಊತ ಇಳಿದಿತ್ತು, ಇನ್ನೇನು ಎತ್ತುತ್ತಾನೆ ಅಂದುಕೊಂಡು ಹೋದೆ. ಎತ್ತಲಿಲ್ಲ ಅಪ್ಪಾ. ಅಂಗಿಯ ಖಾಲಿ ತೋಳಿನ ಹಾಗೆ ಜೋತಾಡುತ್ತದೆ. ಕೆಲಸಕ್ಕೆ ಹಾಜರಾದ ದಿನ ತಾನೇ ಸದ್ದು ಮಾಡಲಿ ಅಂತ ನಾನು ಅದಕ್ಕೆ ಮೇಕೆಮರಿಯ ಗೆಜ್ಜೆ ಕಟ್ಟಿದ್ದೆ. ನಡೆದರೂ ಗಲಗಲ ಅನ್ನುತ್ತಿತ್ತು. ಎರಡು ಸಲ ಮೋಸ ಹೋದ ಅವ್ವ ಕಿತ್ತು ಬಿಸಾಡಿ ನನಗೆ ಪೊರಕೆ ತೋರಿಸಿದಳು.

ಚಳ್ಳಕೆರೆಯ ಸರ್ವಮಂಗಳ ಡಾಕ್ಟರು ನೋಡಿ, "ಮೂಳೆ ಸರಿಯಾಗೇ ಐತಮ್ಮ, ಭುಜದ ಹತ್ರ ನರ ಹರಿದೈತೆ" ಅಂದರು. ಅವರೇ ಚೀಟಿ ಬರೆದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅವ್ವ, ಅಜ್ಜಿ, ರಾಮು, ನಾನು, ನಾಲ್ವರೂ ಹೋಗಿದ್ದೆವು. ಅಲ್ಲಿನ ಡಾಕ್ಟರು ಹೇಳಿದ್ದು ಇಷ್ಟು: ಅವನ ಕಾಲಿನ ಮೀನಖಂಡದಿಂದಲೇ ಒಂದು ಸಣ್ಣ ನರ ತೆಗೆದು, ಮಗ್ಗದಲ್ಲಿ ಕಡಿದ ಎಳೆಗೆ ಎಳೆ ಸೇರಿಸುವ ಹಾಗೆ ಭುಜದಲ್ಲಿ ಸೇರಿಸಬೇಕು. ಪೆಟ್ಟಾದ ಆರು ತಿಂಗಳೊಳಗೆ ಆದರೆ ಒಳ್ಳೆಯದು. ಈಗಲೇ ನಾಲ್ಕು ಕಳೆದಿವೆ. ರಾಮುವಿಗೆ ಒಂದೇ ಸಂಶಯ: "ಆಮೇಲೆ ನನ್ನ ಕೈ ಒದೀತೈತಾ ಸಾರ್?"

ಅಜ್ಜಿ ಮಾತ್ರ ನಗಲಿಲ್ಲ. "ಕೈ ಇಲ್ದಿದ್ರೂ ಹುಡುಗ ಕುರಿ ಹಿಂದೆ ಹೋಗ್ತಾನೆ. ಕಾಲಿಗೆ ಕತ್ರಿ ಹಾಕಿದ್ರೆ ಎಲ್ಲಿಗೆ ಹೋಗ್ತಾನ್ರೀ? ಬೇಕಾದ್ರೆ ನನ್ನ ಕಾಲಾಗೆ ತಗೀರಿ, ನನ್ನ ನಡಿಗೆ ಮುಗೀತು" ಅಂತ ಅಲ್ಲೇ ಸೀರೆ ಮೊಣಕಾಲಿಗೆ ಎತ್ತಿದಳು. ಬೇರೆಯವರದು ಆಗುವುದಿಲ್ಲ ಅಂದರೆ, "ನನ್ನ ಮೊಮ್ಮಗ, ಬ್ಯಾರೇದು ಹೆಂಗಾಗ್ತೈತೆ?" ಅಂತ ಜಗಳ. ನೀನಿಲ್ಲದಾಗ ನಿನ್ನವ್ವನ ಮಾತು ಮೀರುವ ಧೈರ್ಯ ನನ್ನವ್ವನಿಗೆಲ್ಲಿದೆ? ಹಾಗೇ ವಾಪಸು ಬಂದೆವು.

ಬಂದು ಹೇಳಿದರೆ ಸರ್ವಮಂಗಳ ಡಾಕ್ಟರು ಬೈಯಲಿಲ್ಲ. ಇದೇ ಆಪರೇಷನ್ ಆದ ಹುಡುಗ ಮೊಳಕಾಲ್ಮೂರಿನಲ್ಲಿದ್ದಾನೆ, ರೇಷ್ಮೆ ಸೀರೆ ನೇಯುವವರ ಮನೆಯ ಅಮರೇಶ, ಹೋಗಿ ನೋಡ್ರಿ ಅಂದರು. ನಿನ್ನೆ ನಾನೂ ಅಜ್ಜಿಯೂ ಬಸ್ಸು ಹತ್ತಿದೆವು. ಆ ಹುಡುಗ ಪಾಪ, ಎಲ್ಲರೂ ಕೈ ನೋಡಲು ಬರುತ್ತಾರೆಂದು ತೋಳು ಮಡಿಸಿಕೊಂಡು ಸಿದ್ಧವಾಗಿದ್ದ. ನಮ್ಮ ಅಜ್ಜಿ ಜುಂಜಮ್ಮನವರು ಕೈಯತ್ತ ಕಣ್ಣೂ ಹಾಯಿಸಲಿಲ್ಲ. ಬಾಗಿಲಿಂದ ಮಗ್ಗದವರೆಗೆ ನಡೆಸಿದರು. ಹಿಂದಕ್ಕೆ ನಡೆಸಿದರು. ಬೀದಿಯಲ್ಲಿ ಓಡಿಸಿದರು. ಆಮೇಲೆ ಕೂತು ಅವನ ಪಾದ ತೊಡೆಯ ಮೇಲಿಟ್ಟುಕೊಂಡು, ಸಂತೆಯಲ್ಲಿ ಟಗರಿನ ಗೊರಸು ನೋಡುತ್ತಾರಲ್ಲ, ಹಾಗೆ ಹಿಮ್ಮಡಿ ಒತ್ತಿದರು, ಬೆರಳು ಬಿಡಿಸಿದರು. ಹಲ್ಲು ಎಣಿಸುವುದೊಂದು ಬಾಕಿ! "ಪಾದದ ಈ ಅಂಚು ಜೋಮು ಹಿಡ್ದಂಗೆ ಇರ್ತೈತೆ ಅಜ್ಜಿ, ಅಷ್ಟೇ. ಕೈ ನೋಡ್ರೀ!" ಅಂತ ಅವನು ಗೋಗರೆದು, ಒಂದು ಕಾಲಕ್ಕೆ ಸತ್ತೇ ಹೋಗಿದ್ದ ಆ ಕೈಯಿಂದ ನೀರಿನ ಲೋಟ ಎತ್ತಿ ಕೊಟ್ಟ. ಅಜ್ಜಿ ಗಟಗಟ ಕುಡಿದು, "ನಡಿಗೆಗೆ ಕುಂದಿಲ್ಲ, ನಡಿಯೇ ಡಾಕ್ಟರಮ್ಮನ ಹತ್ರ" ಅಂದಳು.

ಅಪ್ಪಾ, ಒಪ್ಪಿಬಿಟ್ಟಳು! ಡಾಕ್ಟರು ಆಗಲೇ ಬೆಂಗಳೂರಿಗೆ ಫೋನು ಮಾಡಿದರು. ಆಪರೇಷನ್ನಿನ ಖರ್ಚು ಆಸ್ಪತ್ರೆಯ ಧರ್ಮನಿಧಿಯವರದೇ. ಎಣ್ಣೆ ಮಿಲ್ಲಿನ ಜಯದೇವಪ್ಪನವರು ತಮ್ಮ ಜೀಪಿನಲ್ಲೇ ಕಳಿಸುತ್ತಾರಂತೆ. ಮೊಣಕೈ ಮಡಿಸುವುದಕ್ಕೇ ಒಂದು ವರ್ಷ ಹಿಡಿಯಬಹುದು, ಬೆರಳಿನ ಮಾತು ಈಗಲೇ ಕೊಡಲಾರೆವು ಅಂತ ಬೆಂಗಳೂರಿನ ಡಾಕ್ಟರು ಅಂದಿದ್ದಾರೆ. ಇರಲಿ, ನಾವೇನು ಅವಸರದ ಜನವೇ? ಕುರಿಯ ಹಿಂದೆ ನಡೆಯುವವರು.

ಅವ್ವ ನಿನ್ನನ್ನು ಕೇಳಿದೆ ಅಂತ ಬರಿ ಅಂದಿದ್ದಾಳೆ. ಅಜ್ಜಿಯ ಆಶೀರ್ವಾದ ನಿನಗೂ ಮಂದೆಗೂ, ಮಂದೆಗೆ ಒಂದು ಹಿಡಿ ಜಾಸ್ತಿ.

ಇಂತಿ ತಮ್ಮ ಪಾದಧೂಳಿಯಲ್ಲಿ ಸೀನುತ್ತಿರುವ,
ಪುಷ್ಪಿ

ಮರೆತ ಮಾತು: ಕೆಂಚಣ್ಣಮಾವ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ಸೇರಿಸಿಕೊಳ್ಳುತ್ತಾರೆ, ಮಂಗಳವಾರ ಆಪರೇಷನ್. ಮಂದೆಯ ಹತ್ತಿರ ಮಾವ ಇರುತ್ತಾನೆ, ನೀನು ಹೊರಟು ಬಾ. ರಾಮು ಹಟ್ಟಿಗೆಲ್ಲ "ನಂಗೇನು ಭಯ" ಅಂತ ಸಾರಿಕೊಂಡು ಬಂದ. ನನ್ನ ಕಿವಿಯಲ್ಲಿ ಮಾತ್ರ, "ಅಪ್ಪ ಕೈ ಹಿಡ್ಕೊಂಡ್ರೆ ಸೂಜಿ ಹಾಕಿಸ್ಕೋತೀನಿ ಕಣೇ ಅಕ್ಕ" ಅಂದ. ಬಂದವನು ಮಂಚದ ಎಡಗಡೆ ನಿಲ್ಲಪ್ಪಾ. ಬಲಗೈ ಹಿಡಿದರೆ ಅವನಿಗೆ ಇನ್ನೂ ಗೊತ್ತಾಗುವುದಿಲ್ಲ.