ಗುಬ್ಬಿಯ ಬೆನ್ನಿನ ಹೆಬ್ಬೆಟ್ಟು

ಮನೆಯ ಹಿಂದಿನ ಕೋಣೆಯಿಂದ,
ಬುಧವಾರ, ಜೂನ್ ಹನ್ನೊಂದು, ಬೆಳಗ್ಗೆ

ಪ್ರೀತಿಯ ರಾಯರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಇಂಜಿನ್ ಕೋಣೆಯ ಸೆಕೆಯಲ್ಲಿ ಬೆವೆತು, ಹಾಗೇ ಮೇಲೆ ಬಂದು ಸಮುದ್ರದ ಗಾಳಿಗೆ ಮೈಯೊಡ್ಡಿ ನಿಲ್ಲಬೇಡಿ ಎಂದು ನಾನು ಹೇಳುವುದು, ನೀವು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ನಡೆದೇ ಇದೆ. ಹಡಗಿನ ಹೊಸ ಅಡುಗೆಯವನು ಉಪ್ಪು ಎನ್ನುವ ಪದಾರ್ಥ ಇದೆ ಎಂಬುದನ್ನು ಕಂಡುಹಿಡಿದನೋ ಇಲ್ಲವೋ ಬರೆಯಿರಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ತಲೆ ಕೆಟ್ಟು ಕೂತಿದ್ದೇನೆ. ಫೋನ್ ಇರುವಾಗ ಪತ್ರ ಯಾಕೆ ಎಂದು ಹುಬ್ಬು ಮೇಲೇರಿಸಬೇಡಿ. ನಿಮ್ಮ ಫೋನ್ ಬಂತೆಂದರೆ ನಿಮ್ಮಪ್ಪ ಕುರ್ಚಿ ಎಳೆದುಕೊಂಡು ನನ್ನ ಮಗ್ಗುಲಿಗೇ ಬಂದು ಕೂರುತ್ತಾರೆ, "ಸ್ಪೀಕರ್ ಹಾಕಮ್ಮ" ಅನ್ನುತ್ತಾರೆ. ಅವರ ಮೇಲಿನ ದೂರನ್ನು ಅವರ ಎದುರೇ ನಗುನಗುತ್ತಾ ಹೇಳುವ ಜಾಣತನ ನನಗಿಲ್ಲ. ನಿಮ್ಮ ಕಂಪನಿಯ ಟಪಾಲು ಚೀಲ ಈ ವಾರ ಹೊರಡುತ್ತದಂತೆ, ಅದರಲ್ಲಿ ಇದನ್ನು ತುರುಕುತ್ತೇನೆ.

ಹೌದು, ದೂರು ಮಾವನ ಮೇಲೇ. ಪೂರ್ತಿ ಕೇಳಿದ ಮೇಲೆ ಬೇಕಾದರೆ ಅಪ್ಪನ ಪಕ್ಷ ವಹಿಸಿ. ಹೂವಿನ ಅಂಗಡಿಯಾಕೆ ನನಗೆ ಗುಬ್ಬಿಗಳನ್ನು ಮಾಡಲು ಹೇಳಿದ್ದು ನಿಮಗೆ ಗೊತ್ತು. ಗಾಜಿನಂಥ ತಿಳಿ ರಾಳದಲ್ಲಿ ಎರಕ ಹೊಯ್ದ ಗುಬ್ಬಿ, ಹೊಟ್ಟೆಯೊಳಗೆ ಒಣಗಿಸಿದ ಒಂದು ಪುಟ್ಟ ಹೂವು, ಕಿಟಕಿಗೆ ನೇತುಹಾಕಲು ದಾರ. ತನ್ನ ಹಳೆಯ ಗಿರಾಕಿಗಳಿಗೆಲ್ಲ ಒಂದೊಂದು ಉಡುಗೊರೆ ಕೊಡಬೇಕೆಂದು ಆಕೆಯ ಆಸೆ. ಇಷ್ಟು ದಿನ ನಾನು ಮಾಡಿದ್ದೆಲ್ಲ ನೆಂಟರಿಷ್ಟರು ಮುಖ ನೋಡಿ ಕೊಂಡ ಕೀಲಿ ಗೊಂಚಲು, ಬಾಚಣಿಗೆ, ಫೋಟೋ ಚೌಕಟ್ಟು. ನನ್ನ ಕೆಲಸವನ್ನು ನೋಡಿ, ನನ್ನ ಗುರುತಿಲ್ಲದವರು ಬಂದು ಕೇಳಿದ್ದು ಇದೇ ಮೊದಲು. ಇದು ಕೈತಪ್ಪಿದರೆ ನಾನು ಮತ್ತೆ ಅದೇ ಬಾಚಣಿಗೆ, ಅದೇ "ಪರವಾಗಿಲ್ಲ, ಟೈಂ ಪಾಸಿಗೆ ಚೆನ್ನಾಗಿದೆ" ಎಂಬ ಮಾತು. ಅದು ನನ್ನಿಂದ ಆಗುವುದಿಲ್ಲ. ಕಳೆದ ವಾರ ಆಕೆ ಬೆಣ್ಣೆಯಂಥ ದನಿಯಲ್ಲೇ ಹೇಳಿದಳು: "ನೋಡಿ, ಇನ್ನೂ ತಡ ಆಗೋದಾದ್ರೆ ನಾನು ಕಾರ್ಖಾನೆ ಮಾಲೇ ತರಿಸ್ತೀನಿ, ಬೇಜಾರು ಮಾಡ್ಕೋಬೇಡಿ." ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಲಿ?

ಗುಬ್ಬಿಯ ಮೂಲ ಬೊಂಬೆಯನ್ನು ಮೇಣದ ಜೇಡಿಯಲ್ಲಿ ತಿದ್ದಿಕೊಟ್ಟವರು ಮಾವನೇ, ಇಲ್ಲ ಎನ್ನುವುದಿಲ್ಲ. ಎರಕದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಮರದ ಮಾದರಿ ಕೆತ್ತಿದ ಕೈ. ಹಲ್ಲುಚಕ್ರ, ಪಂಪಿನ ಹೊಟ್ಟೆ, ಹೊಲಿಗೆ ಯಂತ್ರದ ಕಾಲು ಬಿಟ್ಟು ಬೇರೇನೂ ಕೆತ್ತದವರು ಕತ್ತು ಓರೆ ಮಾಡಿದ ಗುಬ್ಬಿಯನ್ನು ಮಾಡಿಕೊಟ್ಟಾಗ ನಾನೇ ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ಮನುಷ್ಯ ನಿವೃತ್ತರಾದರೂ ಕಾರ್ಖಾನೆ ಅವರಿಂದ ನಿವೃತ್ತಿಯಾಗಿಲ್ಲ. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದಲ್ಲ, ಅದಕ್ಕಾಗಿ ಅವರ ಹತ್ತಿರ ಒಂದು ಅಳತೆಪಟ್ಟಿ ಇದೆ, ಅದರ ಒಂದೊಂದು ಅಂಗುಲವೂ ನಮ್ಮ ಅಂಗುಲಕ್ಕಿಂತ ಕೂದಲೆಳೆಯಷ್ಟು ಉದ್ದ. ಆ ಪಟ್ಟಿಯಲ್ಲೇ ಗುಬ್ಬಿಯನ್ನೂ ಅಳೆದಿದ್ದಾರೆ. ಮಾವಾ, ರಾಳ ಕಬ್ಬಿಣದ ಹಾಗೆ ಕುಗ್ಗುವುದಿಲ್ಲ ಎಂದರೆ ಕೇಳಬೇಕಲ್ಲ! "ಎರಕ ಅಂದ್ಮೇಲೆ ಕುಗ್ಗಲೇಬೇಕು" ಎಂದು ಒಂದೇ ಹಟ. ಉಡುಗೊರೆ ತುಂಬಿಸಿಕೊಡಲೆಂದು ಡಬ್ಬಿಯವನಿಂದ ಮಾಡಿಸಿದ ಡಬ್ಬಿಗಳಲ್ಲಿ ಗುಬ್ಬಿಗಳೆಲ್ಲ ಬಾಲ ಹೊರಗೆ ಹಾಕಿಕೊಂಡು ಕೂತವು. ಮಾವ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇವನಿಗೆ ಅಳತೆನೇ ಗೊತ್ತಿಲ್ಲ" ಎಂದು ಪಾಪದ ಡಬ್ಬಿಯವನಿಗೆ ಬೈದರು. ಡಬ್ಬಿಗಳನ್ನು ಬದಲಾಯಿಸಿದೆ. ಅದಕ್ಕೂ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ, ಇನ್ನೇನು ಬೇಕು ನಿಮಗೆ?

ಹೊಟ್ಟೆ ಉರಿಯುವುದು ಈಗ ಹೇಳುವ ಸಂಗತಿಗೆ. ರಾಳವನ್ನು ಅದರ ಗಟ್ಟಿಕಾರಕದ ಜೊತೆ ಕಲಸಿ, ರಬ್ಬರಿನಂಥ ಅಚ್ಚಿಗೆ ಹೊಯ್ದು, ಕಡ್ಡಿಯ ತುದಿಯಿಂದ ಒಂದೊಂದೇ ಗುಳ್ಳೆ ಒಡೆದು, ಧೂಳು ಬೀಳದಂತೆ ಮುಚ್ಚಿ ಇಟ್ಟರೆ, ಒಂದಿಡೀ ದಿನ ಅದರ ತಂಟೆಗೆ ಹೋಗಬಾರದು. ಮಗುವನ್ನು ಮಲಗಿಸಿದ ಹಾಗೆ ಬಾಗಿಲು ಎಳೆದುಕೊಂಡು ಬರಬೇಕು. ಮರುದಿನ ಅಚ್ಚಿನ ಅಂಚನ್ನು ಮೆಲ್ಲಗೆ ಬಿಡಿಸಿದಾಗ ಗುಬ್ಬಿ ಪಟಕ್ಕನೆ ಅಂಗೈಗೆ ಬೀಳುತ್ತದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುವ ಆ ಒಂದು ಗಳಿಗೆಗಾಗಿಯೇ ನಾನು ಈ ಅಂಟು, ಈ ವಾಸನೆ, ಈ ತಲೆನೋವು ಎಲ್ಲ ಸಹಿಸುವುದು. ಈಚೆಗೆ ಬೆಳಕಿಗೆ ಹಿಡಿದರೆ ಕಾಣುವುದೇನು? ಗುಬ್ಬಿಯ ಬೆನ್ನ ಮೇಲೆ ನಿಮ್ಮಪ್ಪನ ಹೆಬ್ಬೆಟ್ಟು! ಅಚ್ಚಿನಲ್ಲಿ ಗುಬ್ಬಿ ಅಂಗಾತ ಮಲಗುವುದಿಲ್ಲ, ಬೆನ್ನು ಮೇಲಾಗಿ ತೆರೆದಿರುತ್ತದೆ. ನಾನು ಅತ್ತ ತಿರುಗಿದೆನೋ ಇಲ್ಲವೋ, ಮುಚ್ಚಳ ಎತ್ತಿ ಬೆನ್ನು ಒತ್ತಿ ನೋಡುತ್ತಾರೆ. ಮೊದಮೊದಲು ಸುಮ್ಮನೆ ತಾಗಿಸಿದಂಥ ಗುರುತು, ಬೆರಳಿನ ಗೆರೆಗಳು ಕಾಣುವಷ್ಟು. ಅದನ್ನು ಉಜ್ಜಿ ಮೇಲೊಂದು ತೆಳು ಪದರ ಹೊಯ್ದರೆ ಮುಚ್ಚಿಹೋಗುತ್ತಿತ್ತು. ಬರಬರುತ್ತಾ ಒತ್ತುವುದೂ ಜೋರಾಗಿ, ಈಗಂತೂ ಬೆನ್ನಿನಲ್ಲಿ ನೀರು ನಿಲ್ಲುವಂಥ ಗುಳಿ. ಒಳಗಿನ ಹೂವೂ ಪಕ್ಕಕ್ಕೆ ಸರಿದಿರುತ್ತದೆ. ಉಜ್ಜಿದರೂ ಹೋಗುವುದಿಲ್ಲ, ಎಸೆಯಬೇಕು. ಮೇಜಿನ ಕೆಳಗಿನ ಬುಟ್ಟಿಯಲ್ಲಿ ಅಂಥ ಬೆನ್ನುಮುರಿದ ಗುಬ್ಬಿಗಳ ರಾಶಿಯೇ ಬಿದ್ದಿದೆ.

ಕೇಳಿದರೆ ಒಪ್ಪಬೇಕಲ್ಲ. "ನಾನು ಮುಟ್ಟೇ ಇಲ್ಲಮ್ಮ" ಎಂದು ಮುಗ್ಧ ಮುಖ. ಮೊನ್ನೆ ಹಾಗೆ ಹೇಳುವಾಗ ಹೆಬ್ಬೆಟ್ಟಿಗೆ ಆವತ್ತಿನ ಪೇಪರಿನ ಮೂಲೆ ಹರಿದು ಅಂಟಿಕೊಂಡಿತ್ತು, ಅದರ ಪರಿವೆಯೇ ಇಲ್ಲದೆ ಕೈಯಾಡಿಸುತ್ತಾ ನನಗೆ ಬುದ್ಧಿ ಹೇಳುತ್ತಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಸಿ ರಾಳ ಚರ್ಮಕ್ಕೆ ಒಳ್ಳೆಯದಲ್ಲ, ಕೈಗವಸು ಹಾಕಿಕೊಳ್ಳಿ ಎಂದು ನನ್ನದೇ ಒಂದು ಜೊತೆ ಕೊಟ್ಟೆ. "ಕಬ್ಬಿಣದ ಕೆಲ್ಸ ಮಾಡ್ದವ್ನಿಗೆ ಇದ್ಯಾವ ಲೆಕ್ಕ" ಎಂದು ಅದನ್ನು ಬಾಗಿಲ ಹಿಡಿಕೆಗೆ ತೊಡಿಸಿ ಹೋದರು. ಒಂದು ದಿನ ತಾಳ್ಮೆಗೆಟ್ಟು ಕೋಣೆಗೆ ಬೀಗ ಹಾಕಿದೆ. ಹಾಕಿದ್ದೇ ತಪ್ಪಾಯಿತು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ. ಅಕ್ಕಪಕ್ಕದವರು ನೋಡಿದರೆ ಸೊಸೆ ಮಾವನನ್ನು ಹೊರಗೆ ಹಾಕಿದ್ದಾಳೆ ಎಂದುಕೊಳ್ಳಬೇಕು, ಹಾಗೆ ಕೂತಿದ್ದರು. ಸಂಜೆಯಾಗುವ ಮೊದಲೇ ಸೋತು ಬೀಗ ತೆಗೆದೆ. ಅತ್ತೆ ಇದ್ದಿದ್ದರೆ ಒಂದು ಕಣ್ಣುಸನ್ನೆಯಲ್ಲಿ ಮುಗಿಸುತ್ತಿದ್ದರು. ನನ್ನ ಕಣ್ಣಿಗೆ ಆ ಶಕ್ತಿ ಇನ್ನೂ ಬಂದಿಲ್ಲ.

ಇದೊಂದೇ ಅಲ್ಲ, ಮನೆಯಲ್ಲೂ ಒಂದಲ್ಲ ಒಂದು ತಕರಾರು. ನೀವು ಕೊಟ್ಟ ನೀಲಿ ಅಂಗಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ತಲೆಯಿಂದ ಎಳೆದು ಹಾಕಿಕೊಳ್ಳುವ ಬನಿಯನ್ನಿನಲ್ಲೇ ಬೀದಿಗೂ ಹೋಗುತ್ತಾರೆ. ಗುಂಡಿ ಹಾಕಲು ಯಾರಿಗೆ ಪುರುಸೊತ್ತಿದೆ ಅನ್ನುತ್ತಾರೆ, ಇಡೀ ದಿನ ನನ್ನ ಮುಚ್ಚಳ ಎತ್ತಲು ಪುರುಸೊತ್ತು ಇರುವವರು! ಲೋಟಗಳು ವಾರಕ್ಕೊಂದರಂತೆ ಕೈಲಾಸ ಸೇರುತ್ತಿವೆ. "ಈಗಿನ ಲೋಟಗಳೇ ಜಾರು" ಎಂಬುದು ಅವರ ತೀರ್ಪು. ಅದು ಹೋಗಲಿ. ಆದರೆ ಗುಬ್ಬಿಯ ಜೊತೆಗೆ ಹೂಬುಟ್ಟಿ ಹಿಡಿದ ಅಳಿಲೊಂದನ್ನು ಮಾಡಿಕೊಡಿ ಎಂದು ಕೇಳಿ ಎಷ್ಟೋ ದಿನವಾಯಿತು. ಜೇಡಿಯನ್ನು ನಾದುತ್ತಾರೆ, ಉಂಡೆ ಮಾಡುತ್ತಾರೆ, ಒಂದು ಕಿವಿ ಎಳೆಯುತ್ತಾರೆ, ಮತ್ತೆ ಮುದ್ದೆ ಮಾಡಿ ಡಬ್ಬಿಗೆ ಹಾಕುತ್ತಾರೆ. "ನಾಳೆ ನೋಡೋಣ." ನನ್ನ ಕೆಲಸ ಕೆಡಿಸಲು ಇಂದು, ಅವರ ಕೆಲಸಕ್ಕೆ ನಾಳೆ. ನಾನೂ ಮನುಷ್ಯಳೇ. ನಿನ್ನೆ ಮತ್ತೊಂದು ತಟ್ಟೆ ಗುಬ್ಬಿಗಳು ಹಾಳಾದಾಗ ಕೂಗಾಡಿಬಿಟ್ಟೆ. ನಿಮಗೆ ವಯಸ್ಸಾಗಿದೆ, ಕೈಕಟ್ಟಿ ಕೂತುಕೊಳ್ಳಲು ಏನು ಕಷ್ಟ ಎಂದೆ. ಅವರು ಮುಚ್ಚಳವನ್ನು ಮೆಲ್ಲಗೆ ಮುಚ್ಚಿಟ್ಟು ಹೊರಗೆ ಹೋದರು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದೇ ಒಂದು ಕೇಳುತ್ತಿದ್ದೇನೆ. ಅವರು ಕೇಳುವುದು ನಿಮ್ಮ ಮಾತನ್ನು ಮಾತ್ರ. ಅವರ ಹೆಸರಿಗೇ ಒಂದು ಪತ್ರ ಹಾಕಿ. ಸುತ್ತಿ ಬಳಸಿ ಬೇಡ, ಹಡಗು ಹೇಗಿದೆ, ಅಲೆ ಹೇಗಿದೆ ಎಂಬ ಪೀಠಿಕೆಯೂ ಬೇಡ. ಅಪ್ಪಾ, ಆ ಕೋಣೆಗೆ ಕಾಲಿಡಬೇಡಿ, ಅವಳ ಮೇಜಿನ ಮೇಲೆ ಕೈಯಿಡಬೇಡಿ ಎಂದು ನೇರವಾಗಿ ಬರೆಯಿರಿ. ನಾನು ಹೇಳಿ ಬರೆಸಿದ್ದು ಎಂದು ಗೊತ್ತಾದರೂ ಚಿಂತೆಯಿಲ್ಲ, ಕೆಟ್ಟವಳಾಗಲು ತಯಾರಿದ್ದೇನೆ. ಹೂವಿನ ಅಂಗಡಿಯಾಕೆ ಇನ್ನೊಂದು ತಿಂಗಳು ಕಾಯುತ್ತಾಳೆ, ಅದರ ಮೇಲೆ ಕಾಯುವುದಿಲ್ಲ.

ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಭಾರ ಎತ್ತುವಾಗ ಪೌರುಷ ತೋರಿಸಬೇಡಿ. ನಿಮ್ಮ ಮೇಲಿನ ಮಂಚದ ಗೊರಕೆಯ ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟೆಲ್ಲ ಬೈದರೂ ನೀವು ನನಗೆ ಬೇಕು, ಬೇಗ ಬಂದರೆ ಇನ್ನೂ ಬೇಕು.

ನಿಮ್ಮ
ಅಂಟುಕೈ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ. ಮೇಲೆ ಕೇಳಿದ ಪತ್ರವನ್ನು ದಯವಿಟ್ಟು ಮಾವನಿಗೆ ಬರೆಯಬೇಡಿ. ಇವತ್ತು ಮಧ್ಯಾಹ್ನ ದೊಡ್ಡ ಲೋಟದ ತುಂಬ ರಾಳ ಕಲಸಿದ್ದೆ, ಅಷ್ಟರಲ್ಲಿ ಅಂಗಡಿಯಾಕೆಯ ಫೋನ್ ಬಂತು. ಅಷ್ಟು ರಾಳ ಒಂದೇ ಕಡೆ ನಿಂತರೆ ತನ್ನಷ್ಟಕ್ಕೆ ಕಾದು ಕುದಿಯುತ್ತದೆ, ಒಮ್ಮೆ ಮೇಜು ಸುಟ್ಟಿದ್ದು ನಿಮಗೆ ನೆನಪಿರಬಹುದು. ಮಾತು ಮುಗಿಸಿ ಬರುವಾಗ ಕೋಣೆಯ ತುಂಬ ಹೊಗೆ. ಹೊಗೆಯಾಡುವ ಲೋಟವನ್ನು ಮಾವ ಬರಿಗೈಯಲ್ಲಿ ಹಿಡಿದು, ಯಾವ ಅವಸರವೂ ಇಲ್ಲದೆ, ನನಗೆ ಸಹಾಯವಾಗಲೆಂದು ಹಿತ್ತಿಲಿಗೆ ಒಯ್ಯುತ್ತಿದ್ದರು. ನಾನು ಕಿರುಚಿದೆ. ನಾನು ಯಾಕೆ ಕಿರುಚಿದೆ ಎಂದು ತಿಳಿಯಲು ಅವರು ತಮ್ಮ ಕೈಯನ್ನು ನೋಡಿಕೊಂಡರು. ಅಂಗೈ ಪೂರ್ತಿ ಬೊಬ್ಬೆ ಎದ್ದಿತ್ತು.

ಡಾಕ್ಟರ ಹತ್ತಿರ ಹೋಗಿ ಈಗಷ್ಟೇ ಬಂದೆವು. ಸುಟ್ಟಿದ್ದು ಮಾಯುತ್ತದಂತೆ. ಆದರೆ ಎರಡೂ ಕೈಗಳಲ್ಲಿ ಮಣಿಕಟ್ಟಿನಿಂದ ಕೆಳಗೆ ಸ್ಪರ್ಶವೇ ಇಲ್ಲ, ನರಗಳು ಹೋಗಿವೆ, ಇದು ಇವತ್ತಿನದಲ್ಲ ಎಂದರು. ಮಾವನಿಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ದಾರಿಯಲ್ಲಿ ಬರುತ್ತಾ ತಾವಾಗಿಯೇ ಹೇಳಿದರು: "ಗುಬ್ಬಿ ಗಟ್ಟಿಯಾಯ್ತಾ ಅಂತ ಒತ್ತಿ ನೋಡ್ತಿರ್ಲಿಲ್ಲಮ್ಮ. ಅದು ಅಂಟುತ್ತೆ ಅಂತ ನಂಗೆ ಗೊತ್ತು. ನನ್ನ ಬೆರಳಿಗೆ ಇವತ್ತಾದ್ರೂ ಆ ಅಂಟು ಗೊತ್ತಾಗುತ್ತಾ ಅಂತ ನೋಡ್ತಿದ್ದೆ." ನಾನು ಬೀದಿಯಲ್ಲೇ ನಿಂತು ಅತ್ತೆ. ನಿನ್ನೆ ಅವರಿಗೆ ಕೈಕಟ್ಟಿ ಕೂರಿ ಎಂದಿದ್ದೆನಲ್ಲ. ಈಗಲಾದರೂ ಚಿಕಿತ್ಸೆ ಹಿಡಿದರೆ ಇನ್ನೂ ಮೇಲಕ್ಕೆ ಹಬ್ಬದಂತೆ ತಡೆಯಬಹುದಂತೆ, ಅದಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ನಾನೊಬ್ಬಳು ಕರೆದರೆ ಬರುವುದಿಲ್ಲ. ರಜೆ ಕೇಳಿ, ಕೊಡದಿದ್ದರೆ ಜಗಳವಾಡಿ, ಮುಂದಿನ ಬಂದರಿನಿಂದಲೇ ಹೊರಟು ಬನ್ನಿ. ನಿಮಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ, ಆದ್ದರಿಂದ ಬೇರೇನೋ ನೆಪ ಹೇಳಿಕೊಂಡು ಬನ್ನಿ. ಈಗ ಬಾಗಿಲಿಗೆ ಬಂದು, ಯಾರಿಗೆ ಇಷ್ಟು ಅರ್ಜೆಂಟಾಗಿ ಬರೀತಿದ್ದೀಯ ಎಂದು ಕೇಳುತ್ತಿದ್ದಾರೆ. ಹೂವಿನ ಅಂಗಡಿಯಾಕೆಗೆ ಎಂದೆ. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಹಿಡಿದುಕೊಂಡು, "ಹಾಗಾದ್ರೆ ಬರಿ, ತಪ್ಪು ನಂದಲ್ಲ, ಹಾಳು ಮಾಡಿದ್ದು ನಮ್ಮ ಮಾವ ಅಂತ ಬರಿ" ಎಂದರು.