ನಿನ್ನ ಸೋಲನ್ನು ನಾನು ಒಪ್ಪುವುದಿಲ್ಲ

ಪ್ರೀತಿಯ ಅಣ್ಣ ಬಬ್ಬಾ,

ಈ ಕಾಗದವನ್ನು ಲೂಆನ್ ನಿನಗೆ ಓದಿ ಹೇಳುತ್ತಾಳೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಲೂಆನ್, ನಿನ್ನ ಅಪ್ಪನನ್ನು ಬೈದಿರುವ ಕಡೆ ಹಾರಿಸಿ ಓದಬೇಡ ಮಗಳೇ. ನನ್ನನ್ನೇ ನಾನು ಬೈದುಕೊಂಡಿರುವ ಕಡೆಯೂ ಇದೆ, ಅಲ್ಲಿ ಸ್ವಲ್ಪ ಗಟ್ಟಿಯಾಗಿ ಓದು.

ಇಲ್ಲಿ ಅಕ್ಟೋಬರ್ ಬಂದಿದೆ. ಬಿತ್ತಿದ ಗೋಧಿ ಮೊಳೆತು ಹೊಲವೆಲ್ಲ ತೆಳ್ಳಗೆ ಹಸಿರಾಗಿದೆ. ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಮೇಜಿನ ಮೇಲೆ ಬಂದು ಕೂತರೆ ಏಳುವುದೇ ಇಲ್ಲ. ಇಂಥ ಹೊತ್ತಿನಲ್ಲಿ ನನಗೆ ಎಚ್ಚರವಿದ್ದೂ ಕನಸು ಬೀಳುತ್ತದೆ. ಅದರಲ್ಲಿ ನನಗೆ ಆರು ವರ್ಷ, ನಿನಗೆ ಹತ್ತು. ಹೊಲದ ಬದಿಯಲ್ಲಿ ನಿಂತ ಅಪ್ಪನ ಟ್ರಕ್ಕಿನ ಹಿಂಭಾಗದಲ್ಲಿ ಇಬ್ಬರೂ ಅಂಗಾತ ಮಲಗಿದ್ದೇವೆ. ಮುಂದುಗಡೆ ರೇಡಿಯೋದಲ್ಲಿ ಕಿತ್ತಳೆ ಬಣ್ಣದ ಕಾಲೇಜು ತಂಡದ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಫುಟ್‌ಬಾಲ್ ಆಟ. ಆ ಮೈದಾನವನ್ನು ನಾವಿಬ್ಬರೂ ಕಣ್ಣಾರೆ ಕಂಡವರಲ್ಲ. ನೀನು ಆಕಾಶಕ್ಕೆ ಕೈ ಎತ್ತಿ, "ನೋಡೇ ಸಿಸ್, ಇಲ್ಲಿ ನಮ್ಮವರು, ಇಲ್ಲಿ ಅವರು, ಈಗ ನುಗ್ತಾರೆ ನೋಡು" ಎನ್ನುತ್ತೀಯ. ನಿನ್ನ ಬೆರಳುಗಳ ಸಂದಿನಲ್ಲಿ ನನಗೆ ಎಲ್ಲವೂ ಕಾಣುತ್ತದೆ, ಬಣ್ಣದ ಸಮೇತ. ಆಮೇಲೆ ಕುಕ್ಕರಿನಲ್ಲಿಟ್ಟ ಕಾಳು ಸೀದ ವಾಸನೆ ಬಂದು ಎದ್ದು ಹೋಗುತ್ತೇನೆ.

ಕಿತ್ತಳೆ ಮನೆಯಲ್ಲಿ ಹುಟ್ಟಿದವಳು ನಾನು. ಹಾರ್ಲನ್‌ನನ್ನು ಮದುವೆಯಾಗಿ ಕೆಂಪಿನವಳಾದೆ. ನಮ್ಮ ಕಡೆ ಬ್ಯಾಪ್ಟಿಸ್ಟರ ಹುಡುಗಿ ಮೆಥಡಿಸ್ಟರ ಹುಡುಗನನ್ನು ಕಟ್ಟಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಿತ್ತಳೆ ಕಾಲೇಜಿನ ಮನೆಯವಳು ಕೆಂಪು ಕಾಲೇಜಿನವನನ್ನು ಕಟ್ಟಿಕೊಂಡರೆ ಮಾತ್ರ ಊರೆಲ್ಲ ಗುಸುಗುಸು. ಮದುವೆಯ ದಿನ ಚರ್ಚಿನ ಮೆಟ್ಟಿಲಲ್ಲಿ ನೀನು ಅಪ್ಪನಿಗೆ ಸಮಾಧಾನ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. "ಹುಡುಗ ಒಳ್ಳೆಯವನೇ ಅಪ್ಪಾ. ಟೋಪಿ ಬಣ್ಣ ಒಂದು ಸರಿ ಇಲ್ಲ ಅಷ್ಟೇ." ಹೊಸದಾಗಿ ಮತ ಬದಲಿಸಿದವರಿಗೆ ಭಕ್ತಿ ಜಾಸ್ತಿ ಎಂದು ನೀನು ನನ್ನನ್ನು ಎಷ್ಟು ಸಲ ಆಡಿಕೊಂಡಿಲ್ಲ. ಆಡಿಕೊಂಡದ್ದು ಸರಿಯೇ. ಹಾರ್ಲನ್‌ಗಿಂತ ನಾನೇ ಹೆಚ್ಚು ಕೆಂಪಾದೆ.

ನಮ್ಮ ಕೆಂಪಿನವರು ಹುಡುಗರನ್ನು ಮೈದಾನದಗಲ ಹರಡಿ ನಿಲ್ಲಿಸುವ ಸ್ಪ್ರೆಡ್ ಆಟ ತಂದ ವರ್ಷದಿಂದಲ್ಲವೇ ನಮ್ಮ ನಿಜವಾದ ಯುದ್ಧ ಶುರುವಾದದ್ದು. ಭಾನುವಾರ ಚರ್ಚು ಮುಗಿಸಿ ಬಂದು, ಹುರಿದ ಬೆಂಡೆಕಾಯಿ, ಬಿಸ್ಕೆಟ್ಟು, ಗ್ರೇವಿ ತಿಂದು, ತಟ್ಟೆ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಕಾಳು ಹರವುತ್ತಿದ್ದೆವು. ನನಗೆ ಹನ್ನೊಂದು ಕೆಂಪು ಕಾಳು, ನಿನಗೆ ಹನ್ನೊಂದು ಜೋಳದ ಕಾಳು. ನೀನು ನಿನ್ನವನ್ನೆಲ್ಲ ನಡುವೆ ಒತ್ತೊತ್ತಾಗಿ ಗುಡ್ಡೆ ಹಾಕಿ, ಹೆಗಲಿಗೆ ಹೆಗಲು ಕೊಟ್ಟು ನೂಕಿ ಮೂರು ಗಜ, ಮತ್ತೆ ನೂಕಿ ಮೂರು ಗಜ, ನಾಲ್ಕು ಅವಕಾಶದಲ್ಲಿ ಹತ್ತು ಗಜ ದಾಟುವವನು. ನಾನು ನನ್ನವನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಬಿಡಿಬಿಡಿಯಾಗಿ ನಿಲ್ಲಿಸಿ, ಜಾಗ ಖಾಲಿ ಕಂಡಲ್ಲಿಗೆ ಚೆಂಡು ಎಸೆಯುವವಳು.

"ಇದೇನ್ ಆಟ ಕಣೇ," ಎನ್ನುತ್ತಿದ್ದೆ ನೀನು. "ತಂತಿ ಮೇಲೆ ಬಟ್ಟೆ ಒಣಹಾಕಿದ ಹಾಗೆ ಹಾಕಿದ್ದೀಯಲ್ಲ ಹುಡುಗರನ್ನ. ಗಾಳಿ ಬಂದ್ರೆ ಹಾರ್ಕೊಂಡು ಹೋಗ್ತಾರೆ."

"ನಿಮ್ಮವರು ಪಕ್ಕದಲ್ಲೇ ಬಾಗಿಲು ತೆಗೆದಿದ್ರೂ ಗೋಡೆಗೆ ತಲೆ ಚಚ್ಕೋತಾರೆ," ಎನ್ನುತ್ತಿದ್ದೆ ನಾನು.

"ಒಂದೇ ಒಂದು ಗಜ ಬೇಕಾದಾಗ ಏನ್ ಮಾಡ್ತೀಯ? ಆಗ ನಡುವೇನೇ ನುಗ್ಬೇಕು. ಊರಗಲ ಹರಡ್ಕೊಂಡು ನಿಂತ್ರೆ ನಿನ್ನ ಪಕ್ಕ ಯಾರು ಇರ್ತಾರೆ ಆವಾಗ?"

ನಾನು ಸಿಹಿಯಾದ ಪೀಕನ್ ಪೈ ತರುವ ನೆಪದಲ್ಲಿ ಎದ್ದುಬಿಡುತ್ತಿದ್ದೆ.

ಹಾರ್ಲನ್ ತೀರಿಹೋದಾಗ ಊರಿನವರೆಲ್ಲ ಮೆತ್ತಗೆ ಮಾತನಾಡಿದರು. ಎಲ್ಲರ ಕೈಯಲ್ಲೂ ನನಗೆ ತಂದ ಊಟದ ಮುಚ್ಚಿದ ಪಾತ್ರೆ, ಎಲ್ಲರ ಬಾಯಲ್ಲೂ ಪಾಪ ವರ್ನಾ. ನಾನು ಹನ್ನೆರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹದಿಮೂರನೆಯ ದಿನ ನೀನು ಬಾಗಿಲು ಕೂಡ ತಟ್ಟದೆ ಒಳಗೆ ಬಂದು, ಕುರ್ಚಿ ಎಳೆದು ಕೂತು, "ನಿಮ್ಮ ಕೋಚ್‌ಗೆ ತಲೇಲಿ ಹೊಟ್ಟು ತುಂಬಿದೆ" ಎಂದೆ. ನಾನು ಸೌಟು ಎತ್ತಿದೆ. ಒಂದೂವರೆ ಗಂಟೆ ಕಿತ್ತಾಡಿದೆವು. ಕೊನೆಗೆ ನೋಡಿದರೆ ನನ್ನ ತಟ್ಟೆ ಖಾಲಿಯಾಗಿತ್ತು. ನೀನು ಬೇಕೆಂದೇ ಹಾಗೆ ಮಾಡಿದೆ ಎಂದು ನನಗೆ ಆವತ್ತೇ ಗೊತ್ತಾಯಿತು, ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಹೋದ ವರ್ಷ ಆಟದ ಋತುವಿನ ಮೊದಲ ಶನಿವಾರವನ್ನು ನೆನೆದರೆ ಮಾತ್ರ ನನಗೆ ನೆಲ ಸೀಳಿ ಒಳಗೆ ಹೋಗಬೇಕು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದೆವು. ನೀನು ಪರದೆಗೆ ಮುಖ ಓರೆ ಮಾಡಿಕೊಂಡು, ಕಿಟಕಿಯ ಕಡೆ ನೋಡುವವನ ಹಾಗೆ ಕೂತಿದ್ದೆ. ಕೆಂಪಿನವರ ಆಟ ಅಂದರೆ ಇವನಿಗೆ ಇಷ್ಟು ಅಸಡ್ಡೆಯೇ ಎಂದು ನನಗೆ ಒಳಗೊಳಗೇ ಉರಿ. ಆಗ ನೀನು ನಿಧಾನವಾಗಿ ಹೇಳಿದೆ. "ಸಿಸ್, ನಿಮ್ಮವರ ಆಟಾನೇ ಚೆಂದ ಕಣೇ. ಆ ತುದೀಲಿ ಒಬ್ಬನೇ ನಿಂತಿರ್ತಾನಲ್ಲ ಹುಡುಗ, ಅವನು ಓಡೋದು ನೋಡೋಕೆ ಚೆಂದ."

ನಲವತ್ತು ವರ್ಷದ ಜಗಳದಲ್ಲಿ ನಾನು ಗೆದ್ದುಬಿಟ್ಟಿದ್ದೆ. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಮಾರನೆಯ ದಿನ ಚರ್ಚಿನಲ್ಲಿ ಹೇಳಿದೆ, ಸೋಮವಾರ ಗೋಧಿ ಗೋದಾಮಿನ ಪಕ್ಕದ ಹೋಟೆಲಿನಲ್ಲಿ ಹೇಳಿದೆ, ಗೊತ್ತಿಲ್ಲದವರನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಸೋತವರ ಮನೆ ಮುಂದೆ ಗೆದ್ದವರ ಬಾವುಟ ಒಂದು ವಾರ ಹಾರಬೇಕು ಎಂಬುದು ನಮ್ಮೂರಿನ ಪದ್ಧತಿ. ನಾನು ಒಂದು ವಾರಕ್ಕೆ ಬಿಡಲಿಲ್ಲ, ಇಡೀ ಋತು ನಿನ್ನ ಜಗಲಿಯ ಕಂಬದಲ್ಲಿ ಕೆಂಪು ಬಾವುಟ ಹಾರಿಸಿದೆ. ಅಪ್ಪನ ಮನೆಯ ಜಗಲಿ ಅದು. ನೀನು ಏಣಿ ಹಿಡಿದುಕೊಂಡೆ, ನಾನೇ ಹತ್ತಿ ಕಟ್ಟಿದೆ. ಹೋಗಿ ಬರುವವರೆಲ್ಲ ನಕ್ಕರು, ನೀನೂ ನಕ್ಕೆ. ಆ ವರ್ಷ ಭಾನುವಾರದ ಮೇಜಿನಲ್ಲಿ ನೀನು ಜೋಳದ ಕಾಳು ಜೋಡಿಸುವಾಗ ನಡುವಿನದ್ದನ್ನೇ ಬಿಟ್ಟುಬಿಡುತ್ತಿದ್ದೆ. "ಹತ್ತೇ ಜನ ಆಡಿಸ್ತೀಯ, ಬುದ್ಧಿ ಬಂತು ಬಿಡು ನಿನಗೆ" ಎಂದು ನಾನು ಅದಕ್ಕೂ ಗೇಲಿ ಮಾಡಿದೆ.

ಈ ಮಾರ್ಚಿನಲ್ಲಿ ಲೂಆನ್ ನಿನ್ನನ್ನು ವಿಚಿಟಾದ ತನ್ನ ಮನೆಗೆ ಕರೆದುಕೊಂಡು ಹೋಗಲು ಬಂದಾಗ, ಇನ್ನೂ ಅಲ್ಲೇ ಇದ್ದ ಬಾವುಟ ಬಿಚ್ಚುತ್ತಾ ಕಂಬದ ಕೆಳಗೆ ನಿಂತು ಹೇಳಿದಳು. "ಅತ್ತೆ, ಅಪ್ಪಂಗೆ ನಟ್ಟನಡುವೆ ಏನೂ ಕಾಣಲ್ಲ. ಅಂಚು ಮಾತ್ರ ಕಾಣ್ತದೆ. ಎರಡು ವರ್ಷ ಆಯ್ತು. ನಿಮಗೆ ಹೇಳ್ಬೇಡ ಅಂದಿದ್ರು."

ಯಾಕೆ ಎಂದು ಕೇಳಿದೆ. "ಮನಸ್ಸು ಬದಲಾಯಿಸ್ದ ಅಂತ ನಗಲಿ ಪರವಾಗಿಲ್ಲ, ಕಣ್ಣು ಹೋಯ್ತು ಅಂತ ಸಿಸ್ ಅಳೋದು ಬೇಡ ಅಂದ್ರು," ಎಂದಳು. ನೀನು ಆಗಲೇ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದೆ. ನಾನು ಕಾರಿನ ಎದುರಿಗೆ ಬಂದು ಕೈ ಬೀಸಿದೆ. ನೀನು ಎದುರಿಗೇ ನೋಡುತ್ತಿದ್ದೆ, ಕೈ ಬೀಸಲಿಲ್ಲ.

ಬಬ್ಬಾ, ಆಮೇಲೆ ನಾನೊಂದು ಕೆಲಸ ಮಾಡಿದೆ, ಹುಚ್ಚು ಅನ್ನು. ಹಾರ್ಲನ್‌ನ ಹಳೆಯ ಕನ್ನಡಕ ತೆಗೆದು, ಎರಡೂ ಗಾಜಿನ ನಡುವೆ ಕಪ್ಪು ಟೇಪನ್ನು ದುಂಡಗೆ ಕತ್ತರಿಸಿ ಅಂಟಿಸಿದೆ. ಹಾಕಿಕೊಂಡು ಒಂದು ಶನಿವಾರ ಇಡೀ ಆಟ ನೋಡಿದೆ. ನಡುವೆ ಏನೂ ಇಲ್ಲ. ಗುದ್ದಾಟ, ಧೂಳು, ಬಿದ್ದವರು, ಎದ್ದವರು, ಯಾವುದೂ ಇಲ್ಲ. ಕಪ್ಪಿನ ಸುತ್ತ ಹಸಿರು ಹುಲ್ಲು, ಹುಲ್ಲಿನ ಕೊನೆಯಲ್ಲಿ ಬಿಸಿಲು, ಬಿಸಿಲಿನಲ್ಲಿ ಒಬ್ಬ ಹುಡುಗ ಯಾರನ್ನೋ ಕಾಯುತ್ತ ನಿಂತ ಹಾಗೆ ನಿಂತಿದ್ದಾನೆ. ಇದ್ದಕ್ಕಿದ್ದಂತೆ ಓಡುತ್ತಾನೆ. ಚೆಂಡು ಎಲ್ಲಿಂದ ಬಂತೋ ಕಾಣುವುದಿಲ್ಲ, ಬರೀ ಆಕಾಶದಿಂದ ಇಳಿದು ಅವನ ಕೈ ಸೇರುತ್ತದೆ. ಎಷ್ಟು ನಿಶ್ಶಬ್ದ, ಎಷ್ಟು ಹಗುರ. ಇದನ್ನೇ ನೀನು ಚೆಂದ ಅಂದದ್ದು. ನೀನು ಸೋತಿರಲಿಲ್ಲ, ನಿನಗೆ ಉಳಿದಿದ್ದ ಅಷ್ಟನ್ನು ನನಗೆ ತೋರಿಸುತ್ತಿದ್ದೆ.

ಹಾಗೇ ಎದ್ದು ಮನೆಯೆಲ್ಲ ತಿರುಗಿದೆ. ಬಾಗಿಲ ಚೌಕಟ್ಟು ಇತ್ತು, ಬಾಗಿಲು ಇರಲಿಲ್ಲ. ಕನ್ನಡಿಯ ಮುಂದೆ ನಿಂತೆ. ಕೂದಲು ಕಂಡಿತು, ಕಿವಿಯ ಓಲೆ ಕಂಡಿತು, ಮುಖ ಇರಲಿಲ್ಲ. ನನ್ನ ಹುಟ್ಟುಹಬ್ಬದ ದಿನ ನೀನು ಕಿಟಕಿಯ ಪರದೆಯ ಕಡೆ ನೋಡುತ್ತ "ಚೆನ್ನಾಗಿ ಕಾಣ್ತೀಯ ಸಿಸ್" ಎಂದದ್ದು ನೆನಪಾಯಿತು. ಎರಡು ವರ್ಷದಿಂದ ನೀನು ನನ್ನ ಮುಖವನ್ನು ನೇರವಾಗಿ ನೋಡಿಲ್ಲ. ಸ್ನಾನದ ಮನೆಯ ನೆಲದ ಮೇಲೆ ಕೂತು ಅತ್ತೆ. ನೀನು ಬೇಡ ಅಂದಿದ್ದರೂ ಅತ್ತೆ.

ಅತ್ತದ್ದಕ್ಕೆ ಈ ಕಾಗದ ಬರೆಯುತ್ತಿಲ್ಲ. ಹೋದ ಶನಿವಾರದ ಆಟಕ್ಕೆ ಬರೆಯುತ್ತಿದ್ದೇನೆ. ನಮ್ಮ ಕೆಂಪಿನವರಿಗೆ ಕೊನೆಯ ನಿಮಿಷ, ಕೊನೆಯ ಅವಕಾಶ, ಒಂದು ಗಜ ಬೇಕಿತ್ತು. ಒಂದೇ ಒಂದು ಗಜ. ನಮ್ಮ ಕೋಚ್ ಎಲ್ಲರನ್ನೂ ಮೈದಾನದ ಉದ್ದಗಲಕ್ಕೆ ಹರಡಿ ನಿಲ್ಲಿಸಿ ಚೆಂಡು ಎಸೆಯಿಸಿದ. ಅದು ನೆಲಕ್ಕೆ ಬಿತ್ತು, ಸೋತೆವು. ನಲವತ್ತು ವರ್ಷದಿಂದ ನೀನು ಕಾಯುತ್ತಿದ್ದ ಕ್ಷಣ ಅದು. ನಾನು ಬೈಸಿಕೊಳ್ಳಲು ಸಿದ್ಧಳಾಗಿ, ಕಾಫಿ ಬಗ್ಗಿಸಿಕೊಂಡು ನಿನಗೆ ಫೋನು ಮಾಡಿದೆ. ನೀನು ಎಲ್ಲ ಕೇಳಿ, "ಪರವಾಗಿಲ್ಲ ಬಿಡು ಸಿಸ್, ಒಳ್ಳೇ ಪ್ರಯತ್ನ ಮಾಡಿದ್ರು" ಎಂದೆ.

ಬಗ್ಗಿಸಿದ ಕಾಫಿಯನ್ನು ಸಿಂಕಿಗೆ ಚೆಲ್ಲಿದೆ. ಕಣ್ಣು ಹೋದ ಸುದ್ದಿ ಕೇಳಿದಾಗಲೂ ಅಷ್ಟು ಹೆದರಿರಲಿಲ್ಲ. ಮೇ ತಿಂಗಳಿಂದ ನೀನು ನಾನು ಹೇಳಿದ್ದಕ್ಕೆಲ್ಲ ಸರಿ ಎನ್ನುತ್ತಿದ್ದೀಯ. ಮಳೆ ಬಂತು ಎಂದರೆ ಸರಿ, ಅಪ್ಪನ ಸೇಬಿನ ಮರ ಕಡಿಸುತ್ತೇನೆ ಎಂದರೆ ಸರಿ. ಲೂಆನ್ ಹೇಳುತ್ತಾಳೆ, ನೀನು ಟಿವಿ ಹಾಕಿಸುವುದಿಲ್ಲ, ರೇಡಿಯೋ ಮುಟ್ಟುವುದಿಲ್ಲ, ಕೊಟ್ಟದ್ದನ್ನು ಅರ್ಧ ತಿಂದು ಬಿಡುತ್ತೀಯ. ಜಗಳ ಬಿಟ್ಟ ನೀನು ಇನ್ನೇನನ್ನು ಬಿಡಲು ಕೂತಿದ್ದೀಯ ಎಂದು ನನಗೆ ಅರ್ಥವಾಗದೆ ಇಲ್ಲ. ನಾನೂ ಹನ್ನೆರಡು ದಿನ ಹಾಗೆ ಕೂತವಳೇ.

ಆದ್ದರಿಂದ ಕೇಳು. ನಿನ್ನೆ ಹೋಟೆಲಿನಲ್ಲಿ ಎಲ್ಲರೂ ಇದ್ದಾಗ ಎದ್ದು ನಿಂತು ಹೇಳಿದ್ದೇನೆ, ನಮ್ಮಣ್ಣ ಡೆಲ್ಬರ್ಟ್ ಒಪ್ಪಿಕೊಂಡದ್ದು ಲೆಕ್ಕಕ್ಕಿಲ್ಲ, ವಾದ ಇನ್ನೂ ಮುಗಿದಿಲ್ಲ ಎಂದು. ಯಾಕೆ ಎಂದು ಕೇಳಿದರು, ಹೇಳಲಿಲ್ಲ. ಅದು ನಿನ್ನ ವಿಷಯ, ಬೇಕಾದರೆ ನೀನೇ ಹೇಳಿಕೊ.

ಈ ಶನಿವಾರ ಕೆಂಪಿಗೂ ಕಿತ್ತಳೆಗೂ ಆಟ. ನಾನು ಹನ್ನೊಂದಕ್ಕೆಲ್ಲ ಅಲ್ಲಿರುತ್ತೇನೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳಿಗೆ ಎರಡು ಗಂಟೆಯ ದಾರಿ ಏನೂ ಅಲ್ಲ. ಅಂಚಿನಲ್ಲಿ ಏನಾಗುತ್ತಿದೆ ಎಂದು ನೀನು ಹೇಳು, ನಡುವೆ ಏನಾಗುತ್ತಿದೆ ಎಂದು ನಾನು ಹೇಳುತ್ತೇನೆ. ನಮ್ಮವರ ಕಡೆ ಎಳೆದೇ ಹೇಳುತ್ತೇನೆ, ಅದರಲ್ಲಿ ಅನುಮಾನ ಬೇಡ. ನೀನು ಬೈಯಬೇಕು. ಒಂದೇ ಒಂದು ಸಲ ಸರಿ ಸಿಸ್ ಅಂದೆಯೋ, ಪೈ ಸಮೇತ ವಾಪಸು ಹೊರಟುಬಿಡುತ್ತೇನೆ.

ಇನ್ನೊಂದು ಮಾತು. ನಾನು ಬಂದಾಗ ನಿನ್ನ ಎದುರಿಗೆ ಕೂರುವುದಿಲ್ಲ. ಆ ಕನ್ನಡಕ ಹಾಕಿಕೊಂಡು ಕುರ್ಚಿ ಎಲ್ಲಿ ಹಾಕಬೇಕೆಂದು ನನ್ನ ಮನೆಯಲ್ಲೇ ನೋಡಿಟ್ಟಿದ್ದೇನೆ. ನಿನ್ನ ಎಡಗಡೆ, ಸ್ವಲ್ಪ ಮುಂದಕ್ಕೆ, ಕಿಟಕಿಯ ಬೆಳಕು ಬೀಳುವಲ್ಲಿ ಕೂರುತ್ತೇನೆ. ನೀನು ತಲೆ ತಿರುಗಿಸದೆ ಹಾಗೇ ಇರು. ಅಲ್ಲಿ ನಿನಗೆ ನನ್ನ ಮುಖ ಕಾಣುತ್ತದೆ.

ನಿನ್ನ ಅಂಚಿನ ಬೆಳಕನ್ನು ದೇವರು ಬಹುಕಾಲ ಕಾಯಲಿ, ನಿನ್ನ ಬಾಯನ್ನು ಅದಕ್ಕಿಂತ ಹೆಚ್ಚು ಕಾಲ ಕಾಯಲಿ.

ನಿನ್ನ ಮಾತನ್ನು ಎಂದೂ ಒಪ್ಪದ ತಂಗಿ,
ವರ್ನಾ