ಒಗೆಯಬಾರದಿದ್ದ ಅಂಗಿಯನ್ನು ಒಗೆಸಿದವರಿಗೆ

ಕಲಾಭವನದ ಮಾನ್ಯ ನಿರ್ದೇಶಕರೇ,

ನೀವು ನನ್ನ ಗಂಡನ ಅಂಗಿಯನ್ನು ಒಗೆಸಿದ್ದೀರಿ. ಒಗೆಸಿ, ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿ, ಗಾಜಿನ ಪೆಟ್ಟಿಗೆಯೊಳಗೆ ಬಿಳಿ ದೀಪದ ಕೆಳಗೆ ತೂಗುಹಾಕಿದ್ದೀರಿ. ಒಗೆಸಿ ಅಂತ ನಿಮಗೆ ಹೇಳಿದವರು ಯಾರು?

ನಾನು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯವಳು. ಒಗೆಯುವುದೇ ಕಸುಬಾದವಳು ಒಗೆದದ್ದಕ್ಕೆ ಜಗಳಕ್ಕೆ ಬಂದಿದ್ದಾಳೆ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರು ನನ್ನೆದುರೇ ನಕ್ಕರು. ನಗಲಿ. ಮೂವತ್ತು ವರ್ಷದಲ್ಲಿ ನನ್ನ ಕೈಗೆ ಬಂದ ಬಟ್ಟೆಗಳಲ್ಲಿ ನಾನು ಒಗೆಯದೆ ಇಟ್ಟದ್ದು ಅದೊಂದನ್ನೇ. ಯಾಕೆ ಒಗೆಯಲಿಲ್ಲ ಎಂದು ಕೇಳುವ ಸೌಜನ್ಯ ಅವರಿಗೂ ಇರಲಿಲ್ಲ, ನಿಮಗೂ ಇರಲಿಲ್ಲ.

ನನ್ನ ಗಂಡ ಹತ್ತೊಂಬತ್ತು ವರ್ಷ ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ ಶೀಟು ಕತ್ತರಿಸುವ ಕೆಲಸ ಮಾಡಿದವರು. ಸಂಜೆ ಮನೆಗೆ ಬಂದರೆ ರೆಪ್ಪೆಯ ಕೂದಲೂ ಬೂದಿ ಬಣ್ಣ. ಅವರ ಬಟ್ಟೆಯನ್ನು ಗಿರಾಕಿಗಳ ಬಟ್ಟೆಯ ಜೊತೆ ನೆನೆಸುವಂತಿರಲಿಲ್ಲ. ಹಿತ್ತಲಲ್ಲಿ ಕೊಡವಿ, ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದೆ. ನನಗೂ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ, ಆ ಮಾತು ಬಿಡಿ. ಅವರ ಎದೆ ಹಾಳಾದಾಗ ಕಾರ್ಖಾನೆಯ ಡಾಕ್ಟರು, ಇದು ಬೀಡಿಯಿಂದ ಬಂದದ್ದು, ಧೂಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಟ್ಟರು. ನನ್ನ ಗಂಡ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಒಂದು ದಿನ ಕೆಲಸದಿಂದ ಬಂದವರೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕುಸಿದು ಕೂತರು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹನ್ನೊಂದು ವರ್ಷ ಇಟ್ಟುಕೊಂಡಿದ್ದೆ. ಅತ್ತೆ, 'ಆ ಕೊಳಕು ಮನೇಲಿ ಯಾಕೆ, ಎಸೆದುಬಿಡು' ಎಂದು ಸಾಯುವವರೆಗೂ ಗೊಣಗಿದರು. ಅಪ್ಪ ಹೋದಾಗ ನನ್ನ ಮಗಳಿಗೆ ಆರು ವರ್ಷ, ಅವಳಿಗೆ ಮುಖ ಸರಿಯಾಗಿ ನೆನಪಿಲ್ಲ. ವರ್ಷಕ್ಕೊಮ್ಮೆ ಚೀಲದ ಬಾಯಿ ಬಿಚ್ಚಿ ಅವಳ ಮೂಗಿಗೆ ಹಿಡಿಯುತ್ತಿದ್ದೆ. ಬೆವರು, ಧೂಳು, ಅವರು ತಲೆಗೆ ಹಚ್ಚುತ್ತಿದ್ದ ಎಣ್ಣೆ. ಅಪ್ಪ ಎಂದರೆ ಅವಳಿಗೆ ಅಷ್ಟೇ.

ಹೋದ ವರ್ಷ ಒಬ್ಬ ಕಲಾವಿದೆ ನನ್ನ ಅಂಗಡಿಗೆ ಬಂದಳು. ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವರ ಬಟ್ಟೆಗಳನ್ನು ಸೇರಿಸಿ ಒಂದು ಕಲಾಕೃತಿ ಮಾಡುತ್ತಾಳಂತೆ. ನಾನು ಮೂರು ಸಲ ಇಲ್ಲ ಎಂದೆ. ನಾಲ್ಕನೇ ಸಲ ಅವಳು, 'ಅಮ್ಮಾ, ಆ ಧೂಳು ಜನರಿಗೆ ಕಾಣಬೇಕು, ಅದಕ್ಕೇ ಕೇಳ್ತಿದೀನಿ' ಎಂದಳು. ಆ ಒಂದು ಮಾತಿಗೆ ಕರಗಿ ಕೊಟ್ಟೆ.

ಉದ್ಘಾಟನೆಯ ದಿನ ಅಂಗಡಿ ಮುಚ್ಚಿ ಮಗಳನ್ನು ಕರೆದುಕೊಂಡು ಬಂದೆ. ಬಾಗಿಲಲ್ಲೇ ನಿಮ್ಮ ಪ್ರಾಯೋಜಕರ ಹೆಸರು ಆಳೆತ್ತರಕ್ಕಿತ್ತು. ಯಾರು ಅಂತೀರಿ? ಅದೇ ಕಾರ್ಖಾನೆ! ಕಲಾವಿದೆಯ ಹೆಸರು ಅದರ ಕೆಳಗೆ ಇರುವೆ ಸಾಲಿನಷ್ಟು. ಒಳಗೆ ನಲವತ್ತು ಗಾಜಿನ ಪೆಟ್ಟಿಗೆ, ನಲವತ್ತು ಬಟ್ಟೆ, ಎಲ್ಲವೂ ಮದುವೆಗೆ ಹೊರಟು ನಿಂತ ಹಾಗೆ ಥಳಥಳ. ಮಗಳು ಒಂದು ಪೆಟ್ಟಿಗೆಯ ಮುಂದೆ ನಿಂತು, 'ಅಮ್ಮ, ಇದು ಅಪ್ಪಂದಲ್ಲ ಅಲ್ವಾ?' ಎಂದಳು. ಮೂರನೇ ಗುಂಡಿಗೆ ನಾನೇ ಹಾಕಿದ ಕಪ್ಪು ದಾರ ಇತ್ತು. ಅವರದೇ ಕಣೇ ಎಂದೆ. ಮೈಯೆಲ್ಲ ಉರಿದುಹೋಯಿತು.

ಕಲಾವಿದೆ ಗೋಡೆಗೆ ಒರಗಿ ಅಳುತ್ತಿದ್ದಳು. ಪ್ರಾಯೋಜಕರ ಪ್ರಚಾರ ವಿಭಾಗದವರು ಮುಂಚಿತವಾಗಿ ಬಂದು ನೋಡಿದರಂತೆ, ಬಟ್ಟೆಗಳು 'ಮನಸ್ಸಿಗೆ ಹಿತವಾಗಿಲ್ಲ' ಎಂದರಂತೆ. ಮರುದಿನ ಇವಳು ಬರುವಷ್ಟರಲ್ಲಿ ನಿಮ್ಮ ಕಚೇರಿಯವರು ಎಲ್ಲವನ್ನೂ ಲಾಂಡ್ರಿಗೆ ಕಳಿಸಿಯಾಗಿತ್ತಂತೆ. ನನಗೊಂದು ಫೋನ್ ಮಾಡಬಹುದಿತ್ತಲ್ಲ ಮಗಳೇ ಎಂದೆ. ಅವಳ ಮೇಲೂ ನನಗೆ ಸಿಟ್ಟಿದೆ, ಆದರೆ ಅವಳಿಗೆ ನಾಚಿಕೆಯಾದರೂ ಆಗಿದೆ.

ನಿಮಗೆ ಆಗಿಲ್ಲ. ಆಗಿದ್ದರೆ ಮುಂದಿನ ವಾರವೇ ಆ ಅಂಗಿ ನನ್ನ ಅಂಗಡಿಯ ಎದುರಿನ ಬಸ್ ನಿಲ್ದಾಣದ ಮೇಲೆ ಜಾಹೀರಾತಾಗಿ ಏರುತ್ತಿತ್ತೇ? 'ದುಡಿದ ಕೈಗಳಿಗೆ ನಮ್ಮ ನಮನ' ಎಂದು ಬರೆದು ಕೆಳಗೆ ಕಾರ್ಖಾನೆಯ ಮುದ್ರೆ ಒತ್ತಿದ್ದಾರೆ. ಕೈಗಳೇನೋ ಸರಿ, ಶ್ವಾಸಕೋಶಕ್ಕೂ ಒಂದು ನಮನ ಹಾಕಬಹುದಿತ್ತಲ್ಲ? ಅದನ್ನು ನೋಡುತ್ತಾ ನಾನು ದಿನವಿಡೀ ಊರವರ ಬಟ್ಟೆಗೆ ಇಸ್ತ್ರಿ ಉಜ್ಜಬೇಕು. ಪ್ರಾಯೋಜಕರಿಲ್ಲದೆ ಕಲೆ ಬದುಕುವುದಿಲ್ಲ ಎಂದು ನೀವು ಭಾಷಣದಲ್ಲಿ ಹೇಳಿದಿರಿ. ಬದುಕಿಸಿ, ಬೇಡ ಅಂದವರು ಯಾರು? ಅದಕ್ಕಾಗಿ ಸತ್ತವರ ಮೈಮೇಲಿನ ಗುರುತನ್ನೂ ತೊಳೆದುಕೊಡಬೇಕೇ? ಇದು ಕಲಾಭವನವೋ, ಕಾರ್ಖಾನೆಯ ಲಾಂಡ್ರಿಯೋ?

ಇಷ್ಟೇ ಆಗಿದ್ದರೆ ಶಪಿಸಿ ಸುಮ್ಮನಾಗುತ್ತಿದ್ದೆನೇನೋ. ಆದರೆ ನನ್ನ ದೂರಿಗೆ ನೀವು ಉತ್ತರ ಬರೆದಿರಿ. ಸಹಿ ನಿಮ್ಮದೇ. ಅದನ್ನು ಇಲ್ಲಿ ಅಕ್ಷರಶಃ ಕೊಡುತ್ತೇನೆ: 'ವಸ್ತ್ರಗಳಲ್ಲಿದ್ದ ಧೂಳು ಪ್ರೇಕ್ಷಕರ ಶ್ವಾಸಕೋಶಕ್ಕೆ ಹಾನಿಕರವೆಂಬ ಪ್ರಾಯೋಜಕ ಸಂಸ್ಥೆಯ ತಜ್ಞರ ಸಲಹೆಯ ಮೇರೆಗೆ, ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ ಅವುಗಳನ್ನು ಶುಚಿಗೊಳಿಸಲಾಗಿದೆ.'

ಈ ಸಾಲನ್ನು ಮಗಳ ಕೈಯಲ್ಲಿ ನಾಲ್ಕು ಸಲ ಓದಿಸಿದೆ. ಗಾಜಿನ ಪೆಟ್ಟಿಗೆಯ ಆಚೆಗೆ ಅರ್ಧ ಗಂಟೆ ಅಡ್ಡಾಡುವವರಿಗೆ ಹಾನಿಕರವಾದ ಧೂಳು, ಅದರ ನಡುವೆ ಹತ್ತೊಂಬತ್ತು ವರ್ಷ ನಿಂತವರಿಗೆ ಏನೂ ಮಾಡಲಿಲ್ಲವೇ? ಅವತ್ತು ಕಾರ್ಖಾನೆಯ ಡಾಕ್ಟರಿಗೆ ಗೊತ್ತಿಲ್ಲದ್ದು ಇವತ್ತು ಕಾರ್ಖಾನೆಯ ತಜ್ಞರಿಗೆ ಹೇಗೆ ಗೊತ್ತಾಯಿತು? ನನ್ನ ಗಂಡ ಸತ್ತದ್ದು ಯಾತರಿಂದ ಎಂದು ಹನ್ನೊಂದು ವರ್ಷ ಕೇಳಿದ್ದೇನೆ, ಬಾಗಿಲು ಬಾಗಿಲು ಅಲೆದಿದ್ದೇನೆ. ಕೊನೆಗೆ ಬರವಣಿಗೆಯಲ್ಲಿ ಒಪ್ಪಿಕೊಂಡವರು ನೀವು, ಅದೂ ಬಟ್ಟೆ ಒಗೆಸಿದ್ದಕ್ಕೆ ಸಬೂಬು ಹೇಳುವ ಭರದಲ್ಲಿ.

ಹೋದ ವಾಸನೆಯನ್ನು ನೀವು ತಂದುಕೊಡಲಾರಿರಿ, ಅದು ನನಗೆ ಗೊತ್ತು. ನಾನು ಕೇಳುವುದು ಒಂದೇ. ನಿಮ್ಮ ಆ ಪತ್ರವನ್ನು, ನಿಮ್ಮ ಸಹಿಯ ಸಮೇತ, ಬಾಗಿಲಲ್ಲಿರುವ ಪ್ರಾಯೋಜಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ ಆ ಅಂಗಿಯ ಪಕ್ಕದಲ್ಲಿ ತೂಗುಹಾಕಿ. ಅಲ್ಲಿಯವರೆಗೆ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ನಾನೇ ಓದಿ ಹೇಳುತ್ತೇನೆ. ಪ್ರಾಯೋಜಕರ ಔದಾರ್ಯದಿಂದ ಪ್ರವೇಶ ಉಚಿತ ಎಂದು ನಿಮ್ಮ ಬಾಗಿಲಲ್ಲೇ ಬರೆದಿದೆ. ಅವರಿಗೆ ನನ್ನ ಕೃತಜ್ಞತೆ ತಿಳಿಸಿ.

ಇಂತಿ,
ನಂಬಿ ಅಂಗಿ ಕೊಟ್ಟು ಕೆಟ್ಟ
ಇಸ್ತ್ರಿ ಅಂಗಡಿಯವಳು